ಕೋಟೆಯ ಕಲೆ ತೊಳೆಯುವ ಮುನ್ನ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಯ ದಳಪತಿ ವಿಠ್ಠಲನಾಥ ಈ ಕೋಟೆ ಕಟ್ಟಿಸಿದ್ದನ್ನು ಹೇಳುವ ತೆಲುಗು ಶಾಸನ ಅದರ ಮೇಲಿದೆ. ಅಂಥ ಕಲ್ಲನ್ನು ಗಣಿಯಿಂದ ಹೇಗೆ ತಂದರೆಂಬುದನ್ನೂ ಅಲ್ಲೇ ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ: ಬಂಡಿ, ಬಂಡಿಗೆ ಹೂಡಿದ ಕೋಣಗಳ ಸಾಲು, ಅವನ್ನು ಹುರಿದುಂಬಿಸುವ ಜನ, ಚಕ್ರ ಹಿಂದೆ ಜಾರದಂತೆ ಅಡ್ಡ ಕೊಡುವವರು. ಕೆಲಸಗಾರರ ಬೆವರನ್ನು ಹೀಗೆ ದಾಖಲಿಸಿದ ಕಲ್ಲು ನಮ್ಮ ನಾಡಿನಲ್ಲಿ ಅಪರೂಪ. ಆ ಗೆರೆಗಳು ಬಹಳ ಆಳದವಲ್ಲ. ಗಟ್ಟಿ ತಂತಿ ಬ್ರಷ್ ಹಿಡಿದ ಉತ್ಸಾಹಿ ಕೈ ಒಂದೇ ಮಧ್ಯಾಹ್ನದಲ್ಲಿ ಅವುಗಳ ಅಂಚನ್ನು ಮೊಂಡು ಮಾಡಬಲ್ಲದು.

ಬ್ರಷ್ ಹಿಡಿಯುವ ಆಸೆ ಹುಟ್ಟುವುದು ಕಲೆಗಳನ್ನು ಕಂಡು. ಹಳೆಯ ಕಲ್ಲುಗೋಡೆ ಎಂದ ಮೇಲೆ ಮಳೆನೀರು ಇಳಿಯುವ ದಾರಿಯಲ್ಲೆಲ್ಲ ಕಪ್ಪು ಪಟ್ಟೆಗಳು, ಸಂದುಗಳಲ್ಲಿ ಹಸಿರು, ಬುಡದಲ್ಲಿ ಕೆಂಪು ಅಥವಾ ಕಿತ್ತಳೆ ಮಬ್ಬು, ಅಲ್ಲಲ್ಲಿ ಬೂದುಬಣ್ಣದ ಕಲ್ಲುಹೂವು ಇದ್ದೇ ಇರುತ್ತವೆ. ರಾಯಚೂರಿನಲ್ಲಿ ಕಪ್ಪು ಕಂಡರೆ ಬಹಳ ಮಂದಿ ಶಕ್ತಿನಗರದತ್ತ ಬೆರಳು ತೋರಿಸುತ್ತಾರೆ. 1985ರಿಂದ ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ, ಹಾರುಬೂದಿಯ ಕಷ್ಟ ಸುತ್ತಲ ಊರುಗಳಿಗೆ ಗೊತ್ತಿದೆ, ಆದ್ದರಿಂದ ಆ ಅನುಮಾನ ಸಹಜ. ಇನ್ನು ಕೆಲವರು ಪಾಚಿ ಎನ್ನುತ್ತಾರೆ, ಕೆಲವರು ದೀಪದ ಮಸಿ ಎನ್ನುತ್ತಾರೆ. ಎಲ್ಲರ ಮಾತಿನಲ್ಲೂ ಸತ್ಯಾಂಶ ಇರಬಹುದು. ಆದರೆ ಮಸಿಗೆ ಮಾಡುವ ಮದ್ದು ಪಾಚಿಗೆ ನಾಟುವುದಿಲ್ಲ, ಪಾಚಿಗೆ ಮಾಡುವ ಮದ್ದು ಉಪ್ಪಿಗೆ ನಾಟುವುದಿಲ್ಲ. ಕಲೆ ಏನೆಂದು ತಿಳಿಯದೆ ತೊಳೆಯಲು ಹೋಗುವುದು ರೋಗ ಗೊತ್ತಾಗುವ ಮೊದಲೇ ಶಸ್ತ್ರಚಿಕಿತ್ಸೆಗೆ ಇಳಿಯುವಂಥ ಕೆಲಸ, ಅದನ್ನು ನಾವು ನಿಲ್ಲಿಸಬೇಕು.

ತಾಜಮಹಲಿನ ವಿಷಯವನ್ನೇ ನೋಡಿ. 2015ರ ಸುಮಾರಿಗೆ ಯಮುನೆಯ ಕಡೆಯ ಅಮೃತಶಿಲೆಯ ಮೇಲೆ ಹಸಿರು ಕಲೆಗಳು ಕಾಣಿಸಿಕೊಂಡವು. ಹಸಿರು ಎಂದಮೇಲೆ ಪಾಚಿ ಎಂದೇ ಯಾರಿಗಾದರೂ ಅನಿಸುತ್ತದೆ. ಪರೀಕ್ಷಿಸಿದಾಗ ತಿಳಿದದ್ದು, ಹೊಲಸು ತುಂಬಿದ ನದಿಯಲ್ಲಿ ಹುಟ್ಟಿ ಸಂಜೆ ಗೋಡೆಗೆ ಮುತ್ತುವ, ಸೊಳ್ಳೆಯನ್ನು ಹೋಲುವ ಕೀಟಗಳ ಹಿಕ್ಕೆ ಅದು ಎಂದು. ಗೋಡೆಯನ್ನು ಎಷ್ಟು ಸಲ ಒರೆಸಿದರೂ ನದಿ ಶುದ್ಧವಾಗದೆ ಆ ಕಲೆ ಹೋಗದು.

ಕಲ್ಲಿನಿಂದ ಒಂದು ಚೂರನ್ನೂ ಕೆರೆಯದೆ, ಕಲೆ ಇದ್ದಲ್ಲೇ ಅದರ ರಾಸಾಯನಿಕ ಗುರುತು ಹಿಡಿಯುವ ವಿದ್ಯೆ ನಮ್ಮ ದೇಶದಲ್ಲೇ ಹುಟ್ಟಿತು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಅವರ ಶಿಷ್ಯ ಕೆ.ಎಸ್. ಕೃಷ್ಣನ್ ಕಂಡುಕೊಂಡ ಬೆಳಕಿನ ಚದುರಿಕೆ ಅದು. 1930ರಲ್ಲಿ ರಾಮನ್ ಅವರಿಗೆ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ 1970ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ನೆಲೆಸಿದರು. ಬೆಂಗಳೂರಿನ ದಿನಗಳಲ್ಲಿ ಅವರು ಫೆಲ್ಡ್‌ಸ್ಪಾರ್ ಜಾತಿಯ ಖನಿಜಗಳಲ್ಲಿ ಬಣ್ಣ ಹೇಗೆ ಮಿನುಗುತ್ತದೆಂದು ಹುಡುಕಿದರು, ಅರವತ್ತರ ದಶಕದಲ್ಲಿ ಹೂಗಳ ಬಣ್ಣದ ಬೆನ್ನು ಹತ್ತಿದರು. ರಾಯಚೂರಿನ ಕಗ್ಗಲ್ಲಿನ ಬಹುಪಾಲು ಫೆಲ್ಡ್‌ಸ್ಪಾರ್, ಅದರ ಮೇಲಿನ ಕಲೆಗಳಲ್ಲಿ ಹಲವು ಜೀವಿಗಳ ಬಣ್ಣ. ಎರಡನ್ನೂ ಪ್ರೀತಿಸಿದ ಒಬ್ಬ ಮನುಷ್ಯನ ಹೆಸರಿನ ವಿದ್ಯೆ ಈ ಗೋಡೆಗೆ ಇಷ್ಟು ಹೊಂದುತ್ತದೆ ಎಂಬುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ವಿದ್ಯೆಯ ಸಾರ ಇಷ್ಟು. ಒಂದೇ ಬಣ್ಣದ ಲೇಸರ್ ಕಿರಣವನ್ನು ಕಲೆಯ ಮೇಲೆ ಬಿಡುತ್ತಾರೆ. ಚದುರಿ ಬರುವ ಬೆಳಕಿನ ಬಹುಪಾಲು ಹೋದ ಬಣ್ಣದಲ್ಲೇ ಮರಳುತ್ತದೆ. ಸುಮಾರು ಕೋಟಿಯಲ್ಲಿ ಒಂದರಂತೆ ಕೆಲವು ಬೆಳಕಿನ ಕಣಗಳು ಮಾತ್ರ ಅಲ್ಲಿನ ಅಣುಗಳನ್ನು ಕಂಪಿಸುವಂತೆ ಮಾಡಿ, ಅದಕ್ಕೆ ತಗಲುವಷ್ಟು ಶಕ್ತಿಯನ್ನು ತೆತ್ತು, ಕೊಂಚ ಬೇರೆ ಬಣ್ಣದಲ್ಲಿ ಹಿಂತಿರುಗುತ್ತವೆ. ಎಷ್ಟು ತೆತ್ತಿತು ಎಂಬುದು ಅಣುವಿನ ಬಂಧಗಳನ್ನು ಅವಲಂಬಿಸಿದೆ. ಇಂಗಾಲ-ಇಂಗಾಲದ ಜೋಡಿಬಂಧಕ್ಕೆ ಒಂದು ದರ, ಒಂಟಿಬಂಧಕ್ಕೆ ಇನ್ನೊಂದು, ಸುಣ್ಣದ ಕಾರ್ಬೊನೇಟಿಗೆ ಮತ್ತೊಂದು. ಸಂತೆಯಿಂದ ಮರಳಿದವನ ಜೇಬಿನಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ನೋಡಿ ಏನು ಕೊಂಡ ಎಂದು ಹೇಳುವ ಹಾಗೆ, ಈ ಕೊರತೆಯನ್ನು ಅಳೆದು ಅಣುವನ್ನು ಗುರುತಿಸುತ್ತಾರೆ. ಅಳತೆಯ ಮಾನಕ್ಕೆ ತರಂಗಸಂಖ್ಯೆ ಎಂದು ಹೆಸರು, ಪ್ರತಿ ಸೆಂಟಿಮೀಟರಿಗೆ ಇಷ್ಟು ಎಂದು ಎಣಿಕೆ. ಕಲ್ಲಿನ ಸ್ಫಟಿಕಶಿಲೆ 464ರಲ್ಲಿ, ಪೊಟ್ಯಾಶ್ ಫೆಲ್ಡ್‌ಸ್ಪಾರ್ 513ರ ಹತ್ತಿರ, ಗಾರೆಯ ಸುಣ್ಣ 1086ರಲ್ಲಿ, ಜಿಪ್ಸಂ 1008ರಲ್ಲಿ ಶಿಖರ ತೋರಿಸುತ್ತವೆ. ರಾಮನ್ ಕಾಲದಲ್ಲಿ ಪಾದರಸದ ದೀಪವಿಟ್ಟು ಒಂದು ರೋಹಿತವನ್ನು, ಅಂದರೆ ಮರಳಿದ ಬೆಳಕಿನ ಬಣ್ಣಗಳ ಪಟ್ಟಿಯನ್ನು, ಫೋಟೊ ತಟ್ಟೆಯಲ್ಲಿ ಹಿಡಿಯಲು ಗಂಟೆಗಟ್ಟಲೆ ಕಾಯಬೇಕಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ದಾರಿ ಸುಗಮವಾಯಿತು. ಈಗ ಮಾದಕ ವಸ್ತು ಪತ್ತೆಗೆ ಪೊಲೀಸರು ಕೈಯಲ್ಲಿ ಹಿಡಿದು ಓಡಾಡುವ ಉಪಕರಣಗಳೇ ಇವೆ.

ಇನ್ನು ಗೋಡೆಯ ಕಪ್ಪಿಗೆ ಬರೋಣ. ರಾಯಚೂರು, ದೇವದುರ್ಗ, ಮಾನ್ವಿ ಸುತ್ತಲಿನ ಬೋಳು ಗುಡ್ಡಗಳನ್ನು ಗಮನಿಸಿ. ಯಾವ ಕೋಟೆಯೂ ಇಲ್ಲದ, ಯಾವ ಹೊಗೆಯೂ ತಾಗದ ಬಂಡೆಗಳ ಮೇಲೂ ನೀರಿಳಿಯುವ ಜಾಡಿನಲ್ಲಿ ಕಪ್ಪು ಪಟ್ಟೆಗಳಿವೆ. ಉಷ್ಣವಲಯದ ಬಂಡೆಗುಡ್ಡಗಳ ಮೇಲೆಲ್ಲ ಇಂಥ ಪಟ್ಟೆ ಎಳೆಯುವವು ಸಯನೋಬ್ಯಾಕ್ಟೀರಿಯಾ, ಅಂದರೆ ನಮ್ಮ ಭತ್ತದ ರೈತರಿಗೆ ಪಾಚಿ ಗೊಬ್ಬರ ಎಂದು ಗೊತ್ತಿರುವ ನೀಲಿ-ಹಸಿರು ಪಾಚಿಯ ಬಳಗ. ಗದ್ದೆಯ ನಿಂತ ನೀರಿನಲ್ಲಿ ಸಾರಜನಕ ಹಿಡಿದು ಕೊಡುವ ಬಳಗದ್ದೇ ಒಣನಾಡಿನ ನೆಂಟರು ಬಂಡೆಯ ಮೇಲಿದ್ದಾರೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಅದಕ್ಕಿಂತಲೂ ಕಾದ ಕಲ್ಲು. ಇಂಥಲ್ಲಿ ಈ ಜೀವಿಗಳು ತಿಂಗಳುಗಟ್ಟಲೆ ಒಣಗಿ ಬಿದ್ದಿರುತ್ತವೆ, ಮೊದಲ ಮಳೆ ಬಿದ್ದ ಸ್ವಲ್ಪ ಹೊತ್ತಿಗೇ ಮತ್ತೆ ಉಸಿರಾಡತೊಡಗುತ್ತವೆ.

ಆ ಬಿಸಿಲನ್ನು ತಾಳಲು ಅವು ತಮ್ಮ ಸುತ್ತಲಿನ ಲೋಳೆಕವಚದಲ್ಲಿ ಸೈಟೋನೆಮಿನ್ ಎಂಬ ಹಳದಿ-ಕಂದು ವರ್ಣದ್ರವ್ಯ ತುಂಬಿಕೊಳ್ಳುತ್ತವೆ. ಅತಿನೇರಳೆ ಕಿರಣವನ್ನು ಅದು ಹೊರಗೇ ಹೀರಿ ಒಳಗಿನ ಜೀವಕೋಶವನ್ನು ಕಾಯುತ್ತದೆ. ಕವಚ ಕವಚದ ಮೇಲೆ ಪೇರಿಸಿದಾಗ ನಮ್ಮ ಕಣ್ಣಿಗೆ ಅದು ಕಪ್ಪು. 19ನೇ ಶತಮಾನದಲ್ಲೇ ಸ್ವಿಸ್ ಸಸ್ಯವಿಜ್ಞಾನಿ ನೇಗೆಲಿ ಇದನ್ನು ಗಮನಿಸಿದ್ದರೂ ಅದರ ಅಣುರಚನೆ ಬಿಡಿಸಿದ್ದು 1993ರಲ್ಲಿ. ನಮ್ಮ ದೇಶದ ಗುಡಿಗಳ ಹೊರಮೈಯ ಕಪ್ಪಿನ ಬಗ್ಗೆ ಒಡಿಶಾದಲ್ಲಿ, ಆಮೇಲೆ ಶಾಂತಿನಿಕೇತನದಲ್ಲಿ ವರ್ಷಗಟ್ಟಲೆ ದುಡಿದ ಎಸ್.ಪಿ. ಅಧಿಕಾರಿ ಮತ್ತು ಅವರ ಸಂಗಡಿಗರು ಬಿಸಿಲಿಗೆ ಒಡ್ಡಿದ ಕಲ್ಲಿನ ಮೇಲೆ ಮೊದಲು ಬೀಡುಬಿಡುವವು ಸೈಟೋನೆಮಾ, ಟಾಲಿಪೊತ್ರಿಕ್ಸ್‌ನಂಥ ಸಯನೋಬ್ಯಾಕ್ಟೀರಿಯಾಗಳೇ ಎಂದು ತೋರಿಸಿದರು.

ರಾಮನ್ ರೋಹಿತದಲ್ಲಿ ಸೈಟೋನೆಮಿನ್ 1590, 1549, 1323, 1172ರ ಬಳಿ ಚೂಪಾದ ಶಿಖರಗಳನ್ನು ಎಬ್ಬಿಸುತ್ತದೆ. ಬ್ರಿಟನ್ನಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದ ಹೊವೆಲ್ ಎಡ್ವರ್ಡ್ಸ್ ಈ ಗುರುತನ್ನು 2000ರ ಸುಮಾರಿಗೆ ಕ್ರಮವಾಗಿ ದಾಖಲಿಸಿದರು. ಹೊಗೆಯ ಇಂಗಾಲದ ಗುರುತು ಬೇರೆಯೇ: 1350 ಮತ್ತು 1590ರ ಆಸುಪಾಸಿನಲ್ಲಿ ಎರಡು ಅಗಲವಾದ ದಿಬ್ಬಗಳು. ಒಂದರಲ್ಲಿ ಕೋಡುಗಲ್ಲುಗಳ ಸಾಲು, ಇನ್ನೊಂದರಲ್ಲಿ ಎರಡು ಗುಡ್ಡ. ಕಣ್ಣಿಗೆ ಒಂದೇ ಕಪ್ಪಾಗಿ ಕಾಣುವ ಎರಡನ್ನು ಯಂತ್ರ ಕೆಲವೇ ಕ್ಷಣಗಳಲ್ಲಿ ಬೇರ್ಪಡಿಸುತ್ತದೆ. ಶಕ್ತಿನಗರದ ಮೇಲಿನ ಆರೋಪ ಎಷ್ಟು ನಿಜ ಎಂಬ ವಾದವನ್ನು ಗೋಡೆಯೇ ಬಗೆಹರಿಸುವ ದಾರಿ ಇದು. ಆದರೆ ಒಂದು ತೊಡಕಿದೆ. ಬಂಡೆಯ ಮೇಲೆ ಬೆಳೆಯುವ ಕಪ್ಪು ಶಿಲೀಂಧ್ರಗಳ ಬಣ್ಣ ಮೆಲನಿನ್‌ನದು, ನಮ್ಮ ಕೂದಲಿನ ಕಪ್ಪಿನ ಬಳಗ. ಅದರ ರೋಹಿತವೂ ಅದೇ ಎರಡು ಅಗಲ ದಿಬ್ಬಗಳು. ಮಸಿಗೂ ಶಿಲೀಂಧ್ರಕ್ಕೂ ರಾಮನ್ ಒಂದೇ ಸಹಿ ತೋರಿಸುವ ಇಂಥ ಕಡೆ ಸೂಕ್ಷ್ಮದರ್ಶಕ ಇಟ್ಟು ಎಳೆಗಳನ್ನು ಹುಡುಕಲೇಬೇಕು. ಇನ್ನೂ ದೊಡ್ಡ ಅಪಾಯ ಲೇಸರಿನಲ್ಲಿದೆ. ಕಪ್ಪು ಪದಾರ್ಥ ಬೆಳಕನ್ನು ಹೀರಿ ಕಾಯುತ್ತದೆ. ಶಕ್ತಿ ಹೆಚ್ಚಿಟ್ಟರೆ ಜೀವಿ ಅಲ್ಲೇ ಸುಟ್ಟು ಇಂಗಾಲವಾಗುತ್ತದೆ, ರೋಹಿತದಲ್ಲಿ ಮಸಿ ಕಾಣುತ್ತದೆ. ಪರೀಕ್ಷಕನೇ ಹುಟ್ಟಿಸಿದ ಮಸಿಯನ್ನು ಕಾರ್ಖಾನೆಯ ತಲೆಗೆ ಕಟ್ಟುವ ತಪ್ಪು ಆಗಬಾರದೆಂದರೆ ಕೆಲವೇ ಮಿಲಿವ್ಯಾಟ್, ಬೇಕಾದರೆ ಅದಕ್ಕೂ ಕಡಿಮೆ ಶಕ್ತಿಯಲ್ಲಿ ತಾಳ್ಮೆಯಿಂದ ಅಳೆಯಬೇಕು.

ಕೆಂಪಿನ ಕಥೆ ನಮ್ಮ ಸೀಮೆಯಲ್ಲಿ ಇನ್ನಷ್ಟು ಸ್ವಾರಸ್ಯದ್ದು. ಯುರೋಪಿನ ಚರ್ಚಿನ ಗೋಡೆಯ ಮೇಲೆ ಕೆಂಪು ಕಂಡರೆ ವಿಜ್ಞಾನಿ ನಾಲ್ಕೈದು ಸಾಧ್ಯತೆ ಎಣಿಸಿದರೆ ಸಾಕು. ದೇವದುರ್ಗ ತಾಲ್ಲೂಕಿನ ಗಬ್ಬೂರಿನಂಥ ಊರಿಗೆ ಬನ್ನಿ. ಗುಡಿಗಳೂ ಶಾಸನಗಳೂ ಒತ್ತೊತ್ತಾಗಿರುವ ಊರು ಅದು. ನಮ್ಮ ಹಳ್ಳಿ ಗುಡಿಗಳ ಕಲ್ಲಿನ ಮೇಲೆ ಕುಂಕುಮ ಇರುತ್ತದೆ, ಅರಿಸಿನ ಇರುತ್ತದೆ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಇರುತ್ತದೆ, ಎಣ್ಣೆ ಇರುತ್ತದೆ, ಯಾವುದೋ ಜಾತ್ರೆಗೆ ಬಳಿದ ಆಯಿಲ್ ಪೇಂಟಿನ ಪಳೆಯುಳಿಕೆ ಇರುತ್ತದೆ. ಇದರ ನಡುವೆ ಸೂಕ್ಷ್ಮಜೀವಿಯ ಬಣ್ಣವನ್ನು ಹುಡುಕಬೇಕು. ಕೆಮ್ಮಣ್ಣಿನ ಕೆಂಪು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್, ಅದು 225, 293, 411ರಂಥ ಕೆಳಗಿನ ಅಂಕಿಗಳಲ್ಲಿ ಮಾತಾಡುತ್ತದೆ. ಹಳೆಯ ಇಂಗುಲೀಕವಾದರೆ 253ರಲ್ಲಿ. ಜೀವಿಗಳ ಕೆಂಪು-ಕಿತ್ತಳೆ ಬಹುತೇಕ ಕೆರೋಟಿನಾಯ್ಡ್, ಗಜ್ಜರಿಯ ಬಣ್ಣದ ಕುಲ. ಅದಕ್ಕೆ 1515, 1155, 1003ರಲ್ಲಿ ತಪ್ಪದ ಮೂರು ಶಿಖರ. ಹಸಿರಿನಲ್ಲೂ ಇದೇ ಗೊಂದಲ. ಇಂದಿನ ಹಸಿರು-ನೀಲಿ ಬಣ್ಣದ ಡಬ್ಬಿಗಳಲ್ಲಿರುವ ಥ್ಯಾಲೊಸಯನೀನ್ 1530ರ ಬಳಿ ಬಲವಾದ ಶಿಖರ ಕೊಡುತ್ತದೆ, ಆದ್ದರಿಂದ ಪಾಚಿ ಎಂದು ಉಜ್ಜಹೊರಟದ್ದು ಹಳೆಯ ಪೇಂಟ್ ಎಂದು ತಿಳಿದುಬಿಡಬಹುದು. ಇಡೀ ಪಟ್ಟಿಯಲ್ಲಿ ಹೆಚ್ಚು ಕಾಡುವುದು ಅರಿಸಿನ ಮತ್ತು ಜಿಡ್ಡು. ಅವು ಲೇಸರ್ ಬಿದ್ದೊಡನೆ ತಾವೇ ಹೊಳೆಯುತ್ತವೆ, ಆ ಹೊಳಪಿನಲ್ಲಿ ರಾಮನ್ ಶಿಖರಗಳು ಮುಳುಗುತ್ತವೆ. ಹಸಿರು ಲೇಸರ್ ಬಿಟ್ಟು 785 ಅಥವಾ 1064 ನ್ಯಾನೊಮೀಟರಿನ ಅವಕೆಂಪು ಲೇಸರಿಗೆ ಹೋದರೆ ಹೊಳಪು ತಗ್ಗುತ್ತದೆ. ಯುರೋಪಿನಲ್ಲಿ ಬರೆದ ಕಾರ್ಯವಿಧಾನವನ್ನು ಎತ್ತಿ ತಂದು ಪೂಜೆ ನಡೆಯುವ ಗುಡಿಗೆ ಹಾಗೆಯೇ ಹೊಂದಿಸಲಾಗದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮಾನ್ವಿಯ ಕಡೆ ಕೆಂಪಿಗೆ ಮತ್ತೊಂದು ಅರ್ಥ ಬರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಬಯಲಿನಲ್ಲಿ ಭತ್ತದ ಸಿರಿಯ ಜೊತೆಗೆ ಜವುಳು, ಸವುಳು ಕೂಡ ಬಂದವು. ಉಪ್ಪು ಬಿಳಿಚಿ ನಿಂತ ಹೊಲ ಯಾವ ರೈತನಿಗೆ ಗೊತ್ತಿಲ್ಲ? ಅಂಥ ನೆಲದ ತೇವ ಕಲ್ಲುಗೋಡೆಯ ಬುಡಕ್ಕೂ ಗಾರೆಗೂ ಏರುತ್ತದೆ, ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪನ್ನೇ ಇಷ್ಟಪಡುವ ಕೆಲವು ಸೂಕ್ಷ್ಮಜೀವಿಗಳು ಅಲ್ಲಿ ನೆಲೆಸಿ ಗುಲಾಬಿ ಛಾಯೆ ಕೊಡುತ್ತವೆ. ವಿಯೆನ್ನಾದ ಸೇಂಟ್ ವರ್ಜಿಲ್ ಚಾಪೆಲಿನ ನೆಲದಡಿಯ ಗೋಡೆಗಳಲ್ಲಿ ಇಂಥ ಗುಲಾಬಿ ಬಣ್ಣದ ಹಿಂದೆ ಉಪ್ಪುಪ್ರಿಯ ಜೀವಿಗಳೇ ಇದ್ದವು. ಅವುಗಳಲ್ಲಿ ಹಲವು ಬ್ಯಾಕ್ಟೀರಿಯೊರೂಬೆರಿನ್ ಎಂಬ ವರ್ಣದ್ರವ್ಯ ಕೂಡಿಡುತ್ತವೆ. ಅದರ ಅಣುವಿನಲ್ಲಿ ಜೋಡಿಬಂಧಗಳ ಸರಣಿ ಕೆರೋಟಿನಿಗಿಂತ ಉದ್ದ, ಆದ್ದರಿಂದ ಮೊದಲ ಶಿಖರ 1515ರಿಂದ 1507ರ ಹತ್ತಿರಕ್ಕೆ ಇಳಿಯುತ್ತದೆ. ಬರೀ ಎಂಟು ಅಂಕಿಯ ಅಂತರ. ಆದರೆ ಆ ಎಂಟು ಅಂಕಿ ಹೇಳುವ ಸುದ್ದಿ ದೊಡ್ಡದು: ಗೋಡೆಯೊಳಗೆ ಉಪ್ಪು ಏರುತ್ತಿದೆ, ಇಂದಲ್ಲ ನಾಳೆ ಅದು ಹರಳುಗಟ್ಟಿ ಕಲ್ಲಿನ ಮೇಲ್ಪದರವನ್ನು ಸಿಡಿಸುತ್ತದೆ. ಇದಕ್ಕೆ ಬೇಕಾದದ್ದು ಬಸಿಗಾಲುವೆ. ತೊಳೆಯಲು ಸುರಿಯುವ ನೀರು ಇದ್ದ ಉಪ್ಪನ್ನು ಇನ್ನಷ್ಟು ಒಳಗೆ ಕೊಂಡೊಯ್ಯುತ್ತದೆ. ಇಡೀ ವಿದ್ಯೆಯಲ್ಲಿ ನಮ್ಮ ಜಿಲ್ಲೆಗೆ ಅತ್ಯಂತ ಉಪಯೋಗದ ಭಾಗ ಇದೇ ಎಂದು ನನ್ನ ಭಾವನೆ.

ಯಂತ್ರದ ಮಿತಿಯನ್ನೂ ಹೇಳಬೇಕು. ರಾಮನ್ ಹೆಸರಿಸುವುದು ಬಣ್ಣವನ್ನು, ಜೀವಿಯನ್ನಲ್ಲ. ಒಂದೇ ಕೆರೋಟಿನ್ ಪಾಚಿಯಲ್ಲೂ ಇದೆ, ಶಿಲೀಂಧ್ರದಲ್ಲೂ ಇದೆ, ಬ್ಯಾಕ್ಟೀರಿಯಾದಲ್ಲೂ ಇದೆ. ಯಾರದು ಎಂದು ತಿಳಿಯಲು ಡಿಎನ್‌ಎ ಪರೀಕ್ಷೆ ಬೇಕು. ಶಿಖರ ಎತ್ತರವಾದಷ್ಟೂ ಪ್ರಮಾಣ ಹೆಚ್ಚು ಎಂದೂ ತಿಳಿಯಬಾರದು. ಲೇಸರಿನ ಬಣ್ಣ ವರ್ಣದ್ರವ್ಯ ಹೀರುವ ಬಣ್ಣಕ್ಕೆ ಹೊಂದಿದರೆ ಅದರ ಸದ್ದು ಸಾವಿರಾರು ಪಟ್ಟು ಹೆಚ್ಚುತ್ತದೆ. 532 ನ್ಯಾನೊಮೀಟರಿನ ಹಸಿರು ಲೇಸರಿಗೆ ಕೆರೋಟಿನಾಯ್ಡ್ ಹೀಗೆ ಸ್ಪಂದಿಸುತ್ತದೆ, ಒಂದಿಷ್ಟೇ ಇದ್ದರೂ ಉಳಿದೆಲ್ಲದರ ದನಿ ಅಡಗಿಸುತ್ತದೆ. ಎರಡು ಮೂರು ಬಣ್ಣದ ಲೇಸರಿನಲ್ಲಿ ನೋಡದೆ ತೀರ್ಪು ಕೊಡಬಾರದು. ಅಂದಹಾಗೆ, ಮಂಗಳ ಗ್ರಹದ ಜೆಜೆರೊ ಕುಳಿಯಲ್ಲಿ 2021ರ ಫೆಬ್ರವರಿಯಲ್ಲಿ ಇಳಿದ ಪರ್ಸಿವರೆನ್ಸ್ ರೋವರಿನಲ್ಲಿ ಎರಡು ರಾಮನ್ ಉಪಕರಣಗಳಿವೆ. ಬಿಸಿಲಿಗೆ ಒಡ್ಡಿದ ಒಣ ಬಂಡೆಯ ಮೇಲೆ ಎಂದೋ ಜೀವ ಇತ್ತೇ ಎಂದು ಹುಡುಕುವವರಿಗೆ ಸೈಟೋನೆಮಿನ್‌ನಂಥ ಬಹುಕಾಲ ಉಳಿಯುವ ವರ್ಣದ್ರವ್ಯದ ಗುರುತು ಅಮೂಲ್ಯ. ಆ ಗುರುತನ್ನು ಕಲಿಯಲು ನಮ್ಮ ಮಕ್ಕಳು ದೂರ ಹೋಗಬೇಕಿಲ್ಲ, ಊರಾಚೆಯ ಗುಡ್ಡ ಸಾಕು.

ಬಹುಕಾಲ ಉಳಿಯುತ್ತದೆ ಎಂಬ ಗುಣವೇ ತೊಳೆಯುವವರಿಗೆ ತಲೆನೋವು. ಜೀವನಾಶಕ ಸಿಂಪಡಿಸಿದರೆ ಜೀವಿ ಸಾಯುತ್ತದೆ, ಪತ್ರಹರಿತ್ತು ಬೇಗ ಕರಗುತ್ತದೆ, ಆದರೆ ಕವಚದಲ್ಲಿನ ಸೈಟೋನೆಮಿನ್ ಹಾಗೇ ಇರುತ್ತದೆ. ಕಪ್ಪು ಹೋಗಲಿಲ್ಲವೆಂದು ಇನ್ನೊಮ್ಮೆ ಸಿಂಪಡಿಸುತ್ತಾರೆ, ಆಮೇಲೆ ಆಸಿಡ್ ಬರುತ್ತದೆ. ಕಗ್ಗಲ್ಲು ಆಸಿಡ್‌ಗೆ ಒಮ್ಮೆಗೇ ಕರಗುವುದಿಲ್ಲ ನಿಜ, ಆದರೆ ಸಂದಿನ ಗಾರೆ ಕರಗುತ್ತದೆ, ಕಲ್ಲಿನ ಕಪ್ಪು ಅಭ್ರಕದ ಕಬ್ಬಿಣ ಹೊರಬಂದು ತುಕ್ಕಿನ ಹಳದಿ ಹರಡುತ್ತದೆ, ಕ್ಲೋರೈಡ್ ಉಪ್ಪು ಒಳಗೇ ಉಳಿಯುತ್ತದೆ. ತಮಿಳುನಾಡಿನ ಗುಡಿಗಳಲ್ಲಿ ಮರಳು ಚಿಮ್ಮಿಸಿ ಶುಚಿಮಾಡಿ ಶಾಸನದ ಅಕ್ಷರ ಸವೆಸಿಕೊಂಡ ಕಹಿ ಅನುಭವ ನಮ್ಮ ಕಣ್ಣ ಮುಂದಿದೆ. ರೋಹಿತದಲ್ಲಿ ಸೈಟೋನೆಮಿನ್ ಮಾತ್ರ ಇದ್ದು ಪತ್ರಹರಿತ್ತಿನ ಸುಳಿವೇ ಇಲ್ಲದಿದ್ದರೆ ಅಲ್ಲಿರುವುದು ಸತ್ತ ಪದರ ಎಂದು ಅನುಮಾನಿಸಬಹುದು, ಮತ್ತೆ ವಿಷ ಹಾಕುವ ಅಗತ್ಯ ಇಲ್ಲ. ಜೀವ ಇದೆಯೋ ಇಲ್ಲವೋ ತಿಳಿಯಲು ಒಂದೇ ಜಾಗವನ್ನು ಬೇಸಿಗೆಯ ಕೊನೆಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅಳೆಯುವುದು ಒಳ್ಳೆಯ ಕ್ರಮ.

ಹಾಗಾದರೆ ಎಲ್ಲ ಕಲೆಯನ್ನೂ ತೆಗೆಯಬೇಕೇ? ಬೇಡ ಎಂಬುದೇ ನನ್ನ ಮಾತು. ಸಂರಕ್ಷಣಾ ವಿಜ್ಞಾನಿಗಳಲ್ಲೇ ಈ ಬಗ್ಗೆ ಚರ್ಚೆಯಿದೆ. ಕಲ್ಲುಹೂವು ಆಕ್ಸಾಲಿಕ್ ಆಮ್ಲ ಸುರಿಸಿ ಕಲ್ಲನ್ನು ಕೊರೆಯುತ್ತದೆ, ಆ ಕೊರೆತದ ಸಾಕ್ಷಿಯಾದ ಕ್ಯಾಲ್ಸಿಯಂ ಆಕ್ಸಲೇಟ್ ರಾಮನ್‌ನಲ್ಲಿ 1463, 1490ರಲ್ಲಿ ಸಿಕ್ಕಿಬೀಳುತ್ತದೆ. ಆದರೆ ಅದೇ ಕಲ್ಲುಹೂವಿನ ಹೊದಿಕೆ ಕೆಲವು ಕಡೆ ಮಳೆಯ ಹೊಡೆತದಿಂದ ಕಲ್ಲನ್ನು ಕಾಯುವುದೂ ಉಂಟು. ಬರಹವಿಲ್ಲದ ಬುರುಜಿನ ಮೇಲಿನ ಕಪ್ಪು ಪಟ್ಟೆಯನ್ನು ಹಾಗೇ ಬಿಡೋಣ. ಅಕ್ಷರ, ಶಿಲ್ಪ ಇರುವಲ್ಲಿ ಮಾತ್ರ, ಅದೂ ಕಲೆಯಿಂದ ಹಾನಿಯಾಗುತ್ತಿದೆ ಎಂದು ತಿಳಿದಮೇಲೆ, ಕೈ ಹಾಕೋಣ. ಕೈ ಹಾಕುವಾಗಲೂ ಒಣಗಿದ್ದನ್ನು ಕೆರೆಯದೆ ತೇವ ಮಾಡಿ, ಮರದ ಇಲ್ಲವೆ ಬಿದಿರಿನ ಕಡ್ಡಿಯಿಂದ, ಅಂಗೈಯಷ್ಟು ಜಾಗದಲ್ಲಿ ಮೊದಲು ನೋಡಬೇಕು.

ಕಲ್ಲಿನ ಮೇಲ್ಬಣ್ಣ ತಾನೇ ಚರಿತ್ರೆಯ ಸಾಕ್ಷಿ ಎಂಬುದಕ್ಕೆ ನಮ್ಮ ಜಿಲ್ಲೆಯೇ ಪಾಠ ಹೇಳಿದೆ. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಎತ್ತು, ಮನುಷ್ಯರ ಚಿತ್ರಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ವಿಂಗಡಿಸುವಾಗ ಗೆರೆಗಳ ಮೇಲೆ ಕೂತ ಬಣ್ಣದ ಗಾಢತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆ ಬಂಡೆಗಳನ್ನು ಯಾರಾದರೂ ಮೊದಲೇ ಶುಚಿ ಮಾಡಿದ್ದರೆ ಚರಿತ್ರೆಯ ಆ ಪುಟವೇ ಇರುತ್ತಿರಲಿಲ್ಲ.

ಈ ಕೆಲಸಕ್ಕೆ ಬೇಕಾದವರು ದೂರದಲ್ಲಿಲ್ಲ. ರಾಯಚೂರಿನಲ್ಲೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಗದ್ದೆಯ ಪಾಚಿಯನ್ನು ಬಲ್ಲ ಕಣ್ಣುಗಳು ಬಂಡೆಯ ಪಾಚಿಯನ್ನೂ ಗುರುತಿಸಬಲ್ಲವು. ರಾಮನ್ ಪಾಠ ಮಾಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ರೋಹಿತ ವಿದ್ಯೆಯ ಪರಂಪರೆ ಇಂದಿಗೂ ಜೀವಂತ. ಪುರಾತತ್ತ್ವ ಇಲಾಖೆಯವರು ಇವರಿಬ್ಬರನ್ನು ಒಂದೇ ಗೋಡೆಯ ಮುಂದೆ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ಊರವರು ಬೇಕು. ಗುಡಿಯ ಪೂಜಾರಿಗೆ, ಜಾತ್ರಾ ಸಮಿತಿಯ ಹಿರಿಯರಿಗೆ ಯಾವ ವರ್ಷ ಯಾವ ಬಣ್ಣ ಬಳಿದರು, ಯಾವ ಕಂಬಕ್ಕೆ ಎಣ್ಣೆ ಹಚ್ಚುವುದು ಎಂದಿನಿಂದ ನಡೆದಿದೆ, ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತದೆ, ಪಕ್ಕದ ಕಾಲುವೆಗೆ ನೀರು ಬಿಟ್ಟಾಗ ಗೋಡೆಯ ತೇವ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದೆಲ್ಲ ಬಾಯಿಪಾಠ. ಆ ವಿವರಗಳನ್ನು ಅವರ ಬಾಯಿಂದಲೇ ಕೇಳಿ, ಗೋಡೆಯ ನಕ್ಷೆಯ ಮೇಲೆ ಬರೆದುಕೊಂಡು, ಆಮೇಲೆ ಲೇಸರ್ ಹೊತ್ತಿಸಬೇಕು.